ಜೀಪಿನ ಹಣೆಗೆ ಮೇಣ

ಅಫಜಲಪುರ
ಸರ್ವಧಾರಿ ಸಂವತ್ಸರ, ಆಶ್ವಿನ ಶುದ್ಧ ಅಷ್ಟಮಿ, ಭಾನುವಾರ
ತಾ. ೧೦-೧೦-೧೯೪೮

ಪ್ರೀತಿಯ ಮಗ ಶ್ರೀಪಾದನಿಗೆ,

ನಿನ್ನ ಅವ್ವನ ಮನಸ್ಸು ತುಂಬಿದ ಆಶೀರ್ವಾದ. ಜ್ವರ ಬಿಟ್ಟಿತೇ? ನೀನು ಶಿಬಿರದಲ್ಲಿ ಚಾಪೆ ಹಿಡಿದಿದ್ದೀ, ಕ್ವಿನೈನ್ ನುಂಗಿ ನುಂಗಿ ಕಿವಿ ಗುಂಯ್ ಎನ್ನುತ್ತಿವೆಯಂತೆ ಎಂದು ಅಂಬಿಗರ ಹುಲೆಪ್ಪ ಬಂದು ಹೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಮಾತ್ರೆ ನುಂಗಿದ ಮೇಲೆ ಹಾಲು ಕುಡಿಯಬೇಕು, ಬರೀ ಚಹಾ ಅಲ್ಲ. ರಜಾಕಾರರ ವಿರುದ್ಧ ಹೋರಾಡಲೆಂದು ನೀನು ಹೊಳೆ ದಾಟಿ ಆ ದಂಡೆಯ ಶಿಬಿರ ಸೇರಿ ವರ್ಷವಾಯಿತು. ನಿಜಾಮನ ಆಳಿಕೆ ಮುಗಿದು ಇನ್ನೇನು ತಿಂಗಳಾಗುತ್ತದೆ. ನಿನ್ನ ಜೊತೆಗೆ ಹೋದ ಹುಡುಗರು ಒಬ್ಬೊಬ್ಬರಾಗಿ ಮನೆಗೆ ಬಂದು ಅವ್ವಂದಿರ ಕೈಯಲ್ಲಿ ಹೋಳಿಗೆ ತಿನ್ನುತ್ತಿದ್ದಾರೆ. ನೀನೊಬ್ಬ ಮಾತ್ರ ಆ ದಂಡೆಯಲ್ಲಿ ಕೂತು ಹೊಳೆ ಕಾಯುತ್ತಿದ್ದೀ. ಇನ್ನು ಯಾರಿಂದ ಕಾಯುತ್ತೀಯೋ ನಾನರಿಯೆ. ಇಲ್ಲಿ ಎಲ್ಲರೂ ಕ್ಷೇಮ. ಕಪಿಲೆ ಹೆಣ್ಣುಗರು ಹಾಕಿದೆ. ಹಿಂಗಾರಿ ಜೋಳ ಬಿತ್ತುವುದು ಅರ್ಧಕ್ಕೆ ನಿಂತಿದೆ, ಆಳುಗಳು ಹೊಲಕ್ಕೆ ಬರಲು ಹೆದರುತ್ತಾರೆ. ಮಟಕಿ ಊರಿನ ನಿನ್ನ ಅತ್ತೆ ನವರಾತ್ರಿಗೆ ಬರಲಿಲ್ಲ, ದಾರಿ ಸರಿಯಿಲ್ಲವೆಂದು ಹೇಳಿ ಕಳಿಸಿದಳು. ದಾರಿ ಸರಿಯಿಲ್ಲದ್ದು ನಿಜ. ಅದರ ಮಾತೇ ಬರೆಯಬೇಕಾಗಿದೆ.

ಇಮಾಮಸಾಬ ನಮ್ಮ ಮನೆಯಲ್ಲಿದ್ದಾನೆ. ಹಿತ್ತಲಿನ ಹತ್ತಿಯ ಕೋಣೆಯಲ್ಲಿ. ಜೊತೆಗೆ ಅವನ ಹೆಂಡತಿ ಪ್ಯಾರಿಬಿ, ದಿನ ತುಂಬಿದ ಬಸುರಿ, ಇವತ್ತೋ ನಾಳೆಯೋ ಎಂಬಂತಿದ್ದಾಳೆ. ಹೋದ ಗುರುವಾರ ಅವರ ಮನೆಯ ಮೇಲೆ ಕಲ್ಲು ಬಿದ್ದವು. ಒಂದು ಕಲ್ಲು ಅವನ ಎಡಮೊಣಕಾಲಿಗೆ ಬಿದ್ದು ಚಿಪ್ಪು ಒಡೆದಿದೆ. ಆ ಹೊಟ್ಟೆ ಹೊತ್ತುಕೊಂಡೇ ಅವಳು ಗಂಡನನ್ನು ಎಳೆದು ನಮ್ಮ ಹಿತ್ತಲ ಬಾಗಿಲಿಗೆ ತಂದಳು. ನಾನು ಮಡಿಯಲ್ಲಿದ್ದೆ. ಮುಟ್ಟಬೇಡ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ನನ್ನ ತೋಳ ಮೇಲೆ ಬಿದ್ದಾಗಿತ್ತು. ಆಮೇಲೆ ತಣ್ಣೀರು ಹಾಕಿಕೊಂಡೆ. ದಿನಾ ಎರಡು ಸಲ ಹಾಕಿಕೊಳ್ಳುತ್ತಿದ್ದೇನೆ. ಅದು ನನ್ನ ಮತ್ತು ದೇವರ ನಡುವಿನ ವ್ಯವಹಾರ, ಇದರಲ್ಲಿ ಬೇರೆಯವರು ಬಾಯಿ ಹಾಕಬೇಕಾಗಿಲ್ಲ. ನಿನ್ನ ಪ್ರಹ್ಲಾದ ಕಾಕಾ ಬಾಯಿ ಹಾಕಲು ಬಂದ, ಅವನನ್ನೂ ಸುಮ್ಮನಾಗಿಸಿದೆ.

ಯಾಕೆ ಕಲ್ಲು ಬಿದ್ದವೆಂದು ನೀನು ಕೇಳಬಹುದು, ಅಥವಾ ಕೇಳದೆಯೂ ಇರಬಹುದು. ಬೇಸಿಗೆಯಲ್ಲಿ ರಜಾಕಾರರು ಅವನನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ ತಮ್ಮ ಲಾರಿ ನಡೆಸಲು ಹಚ್ಚಿದರು. ಆ ಲಾರಿ ಆಳಂದದ ಕಡೆಯ ಒಂದು ಹಳ್ಳಿಗೆ ಹೋಯಿತು, ಅಲ್ಲಿ ಮನೆಗಳು ಸುಟ್ಟವು. ನಮ್ಮ ಮನೆಯ ಜೋಳ ಹೊತ್ತುಕೊಂಡು ಹೋದವರೂ ಅವರೇ, ನಾನು ಮರೆತಿಲ್ಲ. ಅದಕ್ಕೇ ಅವನ ಕಾಲಿಗೆ ಅರಿಶಿಣ ಕಟ್ಟುವ ಮೊದಲು ಎದುರಿಗೆ ಕೂತು ಕೇಳಿದೆ. ಅವನು ತಲೆ ತಗ್ಗಿಸಲಿಲ್ಲ. "ಗಾಡಿ ನಡಿಸೀನ್ರಿ ಬಾಯಾರ. ಬೆನ್ನಿಗಿ ಬಂದೂಕ ಹಚ್ಚಿದ್ರು, ನಡಿಸೀನಿ. ಬೆಂಕಿ ಹಚ್ಚಿಲ್ಲ. ಅಲ್ಲಿ ಇಳದೂ ಇಲ್ಲ. ಆದ್ರ ನಡಿಸಿಲ್ಲಂತ ಖುದಾನ ಮುಂದ ಸುಳ್ಳ ಹೇಳಂಗಿಲ್ಲ," ಎಂದ. ಅವನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಲಡಾಯಿಗೆ ಹೋಗುವ ಮೊದಲು ನಮ್ಮ ಬಂಡಿ ಹೊಡೆಯುತ್ತಿದ್ದವನು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಾಣಗಾಪುರದ ಸಂಗಮದಲ್ಲಿ ಮುಳುಗಿಸಿ ಎತ್ತಿದವನು. ಬಡಾಯಿ ಕೊಚ್ಚುತ್ತಾನೆ, ಹೌದು. ಬರ್ಮಾದಲ್ಲಿ ಮೋಟಾರು ಕಲಿತು ಬಂದ ಮೇಲಂತೂ ಅವನ ಬಾಯಿಗೆ ಬ್ರೇಕು ಇಲ್ಲ. ಆದರೆ ಸುಳ್ಳು ಹೇಳಿದ್ದನ್ನು ಕಂಡಿಲ್ಲ.

ಕಲಬುರಗಿಯಲ್ಲಿ ಈಗ ಹೊಸ ಅಧಿಕಾರಿಗಳಿದ್ದಾರೆ, ಅವರಿಗೆ ಒಪ್ಪಿಸೋಣ ಎಂದ ಪ್ರಹ್ಲಾದ. ಒಳ್ಳೆಯ ಮಾತೇ. ಆದರೆ ಕಲಬುರಗಿಯ ದಾರಿಯಲ್ಲಿ ಆ ಸುಟ್ಟ ಹಳ್ಳಿಯವರ ನೆಂಟರ ಊರುಗಳಿವೆ, ಹಾದಿಗೆ ಕಲ್ಲು ಅಡ್ಡ ಇಟ್ಟು ಗಾಡಿ ತಪಾಸು ಮಾಡುತ್ತಾರೆ. ದೋಣಿಯ ಕಡೆ ಹೋಗೋಣವೆಂದರೆ ಅಲ್ಲೂ ನಮ್ಮ ಊರ ಹುಡುಗರು ಬಡಿಗೆ ಹಿಡಿದು ಕೂತಿದ್ದಾರೆ. ಬಿಜಾಪುರದಲ್ಲಿ ಪ್ಯಾರಿಬಿಯ ಅಕ್ಕ ಖುರ್ಷಿದಬೇಗಂ ಇದ್ದಾಳೆ. ಅಲ್ಲಿ ಮುಟ್ಟಿದರೆ ಜೀವ ಉಳಿಯುತ್ತದೆ. ಮುಟ್ಟಬೇಕಾದರೆ ಹೊಳೆ ಹಾಯಬೇಕು, ಅದೂ ದೋಣಿಯಿಲ್ಲದೆ. ಅವನಿಗೆ ನಡೆಯಲು ಕಾಲಿಲ್ಲ, ಅವಳಿಗೆ ನಡೆಯುವ ಸ್ಥಿತಿಯಿಲ್ಲ. ಉಳಿದದ್ದು ಪ್ರಹ್ಲಾದನ ಜೀಪು.

ಆ ಜೀಪು ನೀನು ನೋಡಿದ್ದೇ. ದಂಡಿನವರು ಲಡಾಯಿ ಮುಗಿದ ಮೇಲೆ ಪುಣೆಯಲ್ಲಿ ಹರಾಜು ಹಾಕಿದ ಗಾಡಿಗಳಲ್ಲಿ ಒಂದು. ಮುಂದಿನ ಗಾಜು ಒಡೆದಿದೆ, ಬಾನೆಟ್ಟಿನ ಮೇಲೆ ಬಿಳೀ ಚುಕ್ಕೆಯ ಗುರುತು ಇನ್ನೂ ಹೋಗಿಲ್ಲ. ರಜಾಕಾರರು ಅದನ್ನು ಎಳೆದೊಯ್ಯಲು ಬಂದಾಗ ಇಮಾಮಸಾಬ ಇಂಜಿನ್ನಿನ ಒಳಗಿನ ಒಂದು ಸಣ್ಣ ಚೂರು ಕಿತ್ತು ಪ್ಯಾರಿಬಿಯ ಎಲೆಯಡಿಕೆ ಚೀಲದಲ್ಲಿ ಹಾಕಿಸಿ, ಇದು ಸತ್ತ ಗಾಡಿ ಎಂದು ಅವರಿಗೆ ಹೇಳಿದ್ದ. ಅವರು ನಂಬಿ ಹೋದರು. ಅಂದಿನಿಂದ ಅದು ಜೋಳದ ಕಣಿಕೆಯ ಬಣವೆಯ ಹಿಂದೆ ಬಿದ್ದಿತ್ತು, ಕೋಳಿಗಳು ಅದರ ಸೀಟಿನ ಮೇಲೆ ತತ್ತಿ ಇಡುತ್ತಿದ್ದವು. ಈಗ ಆ ಗಾಡಿ ಸೊಂಟದ ಮಟ್ಟದ ನೀರಿನಲ್ಲಿ ಹಾಯಬೇಕು.

ಯಾರಾದರೂ ಕೇಳಿದರೆ ಹೇಳಲು ನನಗೆ ನೆವ ಸಿಕ್ಕಿತ್ತು. ನಾಳೆ ಖಂಡೇಪೂಜೆ, ಎಲ್ಲರೂ ಕುಡುಗೋಲು ಕುರ್ಪಿ ತೊಳೆಯುತ್ತಾರೆ, ನಾವು ಮೋಟಾರು ತೊಳೆಯುತ್ತೇವೆ. ದನದ ಕೊಟ್ಟಿಗೆಗೆ ಜೀಪನ್ನು ನೂಕಿ ತಂದೆವು. ಇಮಾಮಸಾಬನನ್ನು ಹೊರಸಿನ ಸಮೇತ ಎತ್ತಿ ಅದರ ಪಕ್ಕಕ್ಕೆ ಇಟ್ಟೆವು. ಅವನು ಮಲಗಿದಲ್ಲಿಂದ ಹುಕುಂ ಕೊಡುವುದು, ಪ್ರಹ್ಲಾದ ಮಾಡುವುದು. ಇರಾವತಿ ಹೊಳೆ ಹೀಗೆ ದಾಟಿಸಿದೆ, ಆ ಸಾಹೇಬ ನನಗೆ ಸಲಾಮು ಹೊಡೆದ ಎಂದು ಪ್ರತಿ ತಿರುಪಿಗೂ ಒಂದು ಕಥೆ. ಮೊದಲು ಎಲೆಯಡಿಕೆ ಚೀಲದ ಆ ಚೂರನ್ನು ತಿರುಗಿ ಇಂಜಿನ್ನಿಗೆ ಕೂರಿಸಿದ. ಆಮೇಲೆ ಫ್ಯಾನಿನ ಪಟ್ಟಾ ಬಿಚ್ಚಿಸಿದ. ತಿರುಗುವ ಫ್ಯಾನು ನೀರನ್ನು ಎತ್ತಿ ಇಂಜಿನ್ನಿನ ತುಂಬ ಎರಚುತ್ತದಂತೆ. ಹೊಗೆಯ ನಳಿಗೆಗೆ ನಮ್ಮ ಹಂಡೆಯ ಒಲೆಯ ತಗಡಿನ ಕೊಳವೆ ಜೋಡಿಸಿ ತಲೆಗಿಂತ ಎತ್ತರಕ್ಕೆ ನಿಲ್ಲಿಸಿದರು. ಗಾಳಿ ಎಳೆದುಕೊಳ್ಳುವ ಬಾಯಿಗೂ ಅಂಥದೇ ಒಂದು ಕೊಳವೆ. ಗಾಡಿಯ ಹೊಟ್ಟೆಯ ಕೆಳಗೆ ಎಣ್ಣೆ ಜಿನುಗಲು ಬಿಟ್ಟ ತೂತಿಗೆ ಬೇವಿನ ಬೆಣೆ ಬಡಿದರು. ಮುಂದಿನ ಜಾಲರಿಗೆ ಗೋಣಿತಟ್ಟು ಕಟ್ಟಿ ಎಣ್ಣೆ ಸವರಿದರು. ಎಲ್ಲ ಮುಗಿದ ಮೇಲೆ ಅದು ಮೋಟಾರಿನಂತೆ ಕಾಣಲಿಲ್ಲ, ಮದುವೆಯ ಅಡಿಗೆಯ ಒಲೆಯಂತೆ ಕಂಡಿತು. ನಾನು ನಕ್ಕೆ. ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ನಿನ್ನೆ ಪರೀಕ್ಷೆ. ಹೊಳೆಗೆ ಒಯ್ದು ನೋಡುವ ಹಾಗಿಲ್ಲ. ಹಾಗಾಗಿ ಇಂಜಿನ್ ಚಾಲೂ ಮಾಡಿ ಬಾವಿಯ ನೀರು ಕೊಡದಿಂದ ಸುರಿದು ನೋಡಬೇಕು ಎಂದ. ಸುರಿದವಳು ನಾನು. ಮೊದಲ ಕೊಡ ತಡೆಯಿತು. ಎರಡನೆಯ ಕೊಡಕ್ಕೆ ಇಂಜಿನ್ ಕೆಮ್ಮಿ, ಒಮ್ಮೆ ಒದರಿ, ಸುಮ್ಮನಾಯಿತು. ಆ ಮೌನ ನನಗೆ ಎದೆಯಲ್ಲಿ ಕೇಳಿಸಿತು ಮಗನೇ. ನಡುಹೊಳೆಯಲ್ಲಿ ಹೀಗೆ ಸುಮ್ಮನಾದರೆ ಏನೆಂದು ಮೂವರೂ ಒಟ್ಟಿಗೆ ನೆನೆದೆವು. ಬಾಗಿಲ ಸಂದಿನಿಂದ ಪ್ಯಾರಿಬಿ ನೋಡುತ್ತಿದ್ದಳು. ಇಮಾಮಸಾಬ ಕೊನೆಗೆ ಬಾಯಿ ಬಿಟ್ಟ. "ಪ್ಲಗ್ಗಿಗಿ ಬೆಂಕಿ ಹಂಚೂ ಡಬ್ಬಿ ಸೀಳ್ಯಾದ್ರಿ ಬಾಯಾರ. ಆ ಸಂದ್ಯಾಗ ನೀರ ಹೊಕ್ಕಾವ. ಗ್ರೀಸ್ ಒಣಗಿ ಹೋಗ್ಯಾದ. ಮೆತ್ತನ್ನ ಮೇಣ ಸಿಕ್ರ ಸಂದಿ ಮುಚ್ಚಬೌದು," ಎಂದ. ಅಂಗಡಿಗಳೆಲ್ಲ ಮುಚ್ಚಿವೆ. ಗ್ರೀಸು ಕೇಳಲು ಹೋದರೆ ಯಾಕೆಂದು ಕೇಳುವವರೇ ಹೆಚ್ಚು. ಅಷ್ಟರಲ್ಲಿ ನನಗೆ ಹೊಳೆಯಿತು, ಕುಂಕುಮದ ಕೆಳಗೆ ಹಣೆಗೆ ಹಚ್ಚುವ ಮೇಣ. ಜೇನುಮೇಣಕ್ಕೆ ಕೊಬ್ಬರಿ ಎಣ್ಣೆ ಕಲಸಿ ಮೆತ್ತಗೆ ಮಾಡಿದ್ದು, ಪ್ರತಿ ಮನೆಯ ಕುಂಕುಮದ ಭರಣಿಯಲ್ಲಿ ಇರುತ್ತದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿ, ಸೆರಗು ಸರಿ ಮಾಡಿಕೊಂಡು, ಸೀದಾ ಪಕ್ಕದ ಮನೆಯ ಸಕ್ಕುಬಾಯಿಯ ಹತ್ತಿರ ಹೋಗಿ, "ಒಂದಿಷ್ಟು ಮೇಣ ಕೊಡ್ರಿ, ನಮ್ಮಲ್ಲಿ ತೀರೇದ," ಅಂದೆ.

ಅವಳು ಕೊಟ್ಟಳು. ಕೊಡುವಾಗ ನನ್ನ ಹಣೆ ನೋಡಿದಳು. ಆಗ ನನಗೆ ನೆನಪಾಯಿತು, ನಾನು ವಿಧವೆ.

ನಿಮ್ಮ ಅಪ್ಪ ಹೋಗಿ ಎಷ್ಟು ವರ್ಷವಾಯಿತು, ಈ ಬೋಳು ಹಣೆಯನ್ನು ನಾನು ಒಂದು ಗಳಿಗೆಯೂ ಮರೆತವಳಲ್ಲ. ಲೋಕವೂ ಮರೆಯಲು ಬಿಟ್ಟಿಲ್ಲ, ಆರತಿಗೆ ಮುಂದೆ ಹೋದರೆ ಹಿಂದೆ ಸರಿ ಎನ್ನುತ್ತದೆ. ನಿನ್ನೆ ಮಾತ್ರ, ಆ ಇಂಜಿನ್ನಿನ ಚಿಂತೆಯಲ್ಲಿ, ಅಷ್ಟು ದೂರ ನಡೆದು ಹೋಗಿ ಕೈ ಚಾಚುವವರೆಗೂ ಮರೆತಿದ್ದೆ. ನಮ್ಮ ಮನೆಯಲ್ಲಿ ಮುತ್ತೈದೆ ಯಾರೂ ಇಲ್ಲವೆಂದು ಸಕ್ಕುಬಾಯಿಗೆ ಗೊತ್ತು. ಪ್ರಹ್ಲಾದ ಮದುವೆಯಾಗಿಲ್ಲ, ನಿನಗೆ ನಾನು ಹೆಣ್ಣು ತಂದಿಲ್ಲ. ಹಾಗಾದರೆ ಮೇಣ ಯಾವ ಹಣೆಗೆ? ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಸಂಜೆಗೆ ಬಾವಿಕಟ್ಟೆಯಲ್ಲಿ ಅದೇ ಮಾತು ಬರುವುದು ಖಂಡಿತ. ಮೇಣ ಮುಷ್ಟಿಯಲ್ಲಿ ಹಿಡಿದು ಮನೆಗೆ ಬಂದೆ. ಒಂದು ಕಡೆ ಭಯ, ಇನ್ನೊಂದು ಕಡೆ ನಾಚಿಕೆ. ಅವೆರಡರಲ್ಲಿ ಹೆಚ್ಚಿನದು ಯಾವುದೆಂದು ಕೇಳಬೇಡ.

ಆದರೂ ಮೇಣ ಕೆಲಸ ಮಾಡಿತು. ಸೀಳಿದ ಕಡೆಗೆಲ್ಲ ಒತ್ತಿ, ವಾಯರುಗಳ ಬುಡಕ್ಕೆ ಸುತ್ತಿ, ಮೇಲೆ ರೇಶಿಮೆಯ ಚಿಂದಿ ಕಟ್ಟಿದರು. ನಾನು ಒಂದರ ಮೇಲೊಂದು ಕೊಡ ಸುರಿದೆ. ಇಂಜಿನ್ ಎಲ್ಲೂ ತಪ್ಪದೆ ಒಂದೇ ಉಸಿರಿನಲ್ಲಿ ನಡೆಯಿತು. ಇಮಾಮಸಾಬ ಹೊರಸಿನ ಮೇಲೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಈ ಸಲ ಇರಾವತಿಯ ಹೆಸರು ಎತ್ತಲಿಲ್ಲ.

ಇವತ್ತು ಮುಂಜಾನೆ ಸಕ್ಕುಬಾಯಿಯ ಮಗ ವ್ಯಂಕಟೇಶ ಬಂದ. ನಿನ್ನ ಓರಗೆಯವನೇ, ನಿನ್ನ ಜೊತೆಗೇ ಶಿಬಿರಕ್ಕೆ ಹೋಗಿ ಹೋದ ವಾರ ತಿರುಗಿ ಬಂದವನು. ಮೊದಲು ನಮ್ಮ ಅಡಿಗೆಮನೆಗೆ ಹೇಳದೆ ನುಗ್ಗಿ ಬೆಲ್ಲ ತಿನ್ನುತ್ತಿದ್ದ ಹುಡುಗ, ಇವತ್ತು ಹೊಸಿಲ ಹೊರಗೆ ನಿಂತ. ಸೊಂಟದಲ್ಲಿ ಪಿಸ್ತೂಲು. "ಕಾಕೂ, ಮೇಣ ಯಾರ ಹಣಿಗಿ ಬೇಕಾಗಿತ್ರಿ?" ಎಂದು ಕೇಳಿದ. ಮೆಲ್ಲಗೆ, ನಗುತ್ತಲೇ ಕೇಳಿದ. ನನಗೆ ಎಲ್ಲಿಂದ ಧೈರ್ಯ ಬಂತೋ, "ಜೀಪಿನ ಹಣಿಗಪ್ಪಾ. ನಾಳಿ ಖಂಡೇಪೂಜಿ. ತಗಡಿನ ಮ್ಯಾಲ ಬರೇ ಕುಂಕುಮ ನಿಲ್ತದೇನು? ಮೋಟಾರ ಏನ ನನ್ನಂಗ ಬೋಳ ಹಣೀಲೆ ಇರಬೇಕೇನು?" ಅಂದುಬಿಟ್ಟೆ. ಆ ಕಡೆಯ ಮಾತಿಗೆ ಅವನು ಕಣ್ಣು ತಗ್ಗಿಸಿದ. ಜೀಪು ನೋಡುತ್ತೇನೆ ಎನ್ನಲಿಲ್ಲ. ಇಮಾಮಸಾಬನ ಸುದ್ದಿ ಸಿಕ್ಕರೆ ತಿಳಿಸಿ, ಹಬ್ಬ ಮುಗಿದ ಮರುದಿನ ಮನೆಮನೆ ತಪಾಸು ಮಾಡುತ್ತೇವೆ ಎಂದ. ಇನ್ನೂ ಒಂದೆರಡು ಮಾತಾಡಿ ಹೋದ. ಹೀಗಾಗಿ ನಮಗೆ ಉಳಿದದ್ದು ದಸರೆಯ ದಿನ ಒಂದೇ.

ದಸರೆಯ ಸಂಜೆ ಊರಿಗೆ ಊರೇ ಸೀಮೆ ದಾಟಿ ಬನ್ನಿಗಿಡಕ್ಕೆ ಹೋಗುತ್ತದೆ, ನಿನಗೆ ಹೇಳಬೇಕಾಗಿಲ್ಲ. ಬಡಿಗೆ ಹಿಡಿದು ಕೂತವರೂ ಅವತ್ತು ಬನ್ನಿ ಮುಡಿಯಲು ಹೋಗಲೇಬೇಕು, ಇಲ್ಲದಿದ್ದರೆ ಅವ್ವಂದಿರು ಬಿಡುವುದಿಲ್ಲ. ಆಗ ನಾವು ಚೆಂಡುಹೂ ಕಟ್ಟಿದ ಜೀಪು ತೆಗೆದುಕೊಂಡು ಹೊರಡುತ್ತೇವೆ. ಎಲ್ಲರೂ ಬನ್ನಿಗಿಡದ ಕಡೆ ತಿರುಗಿದರೆ ನಾವು ಹೊಳೆಯ ಕಡೆ. ಇಮಾಮಸಾಬ ಹಿಂದೆ ಕಣಿಕೆಯ ಕೆಳಗೆ ಮಲಗುತ್ತಾನೆ. ಪ್ಯಾರಿಬಿಗೆ ನನ್ನ ಪೆಟ್ಟಿಗೆಯಲ್ಲಿದ್ದ ಇಲಕಲ್ ಸೀರೆ ಉಡಿಸುತ್ತೇನೆ. ಹಣೆಗೆ ಕುಂಕುಮವೂ ಇಟ್ಟರೆ ಸಂಶಯ ಬರುವುದಿಲ್ಲ ಎಂದ ಪ್ರಹ್ಲಾದ. ಅವಳು ನನ್ನ ಮುಖ ನೋಡಿ, "ಅದೊಂದು ಬ್ಯಾಡ್ರಿ ಬಾಯಾರ," ಎಂದಳು. ಬೇಡವಾದರೆ ಬೇಡ, ಸೆರಗು ಮುಂದಕ್ಕೆ ಎಳೆದುಕೋ ಎಂದೆ. ಒಬ್ಬರ ಹಣೆಯ ಮೇಲೆ ಊರವರು ಮಾಡುವ ಕಾರುಬಾರು ನನಗೆ ಗೊತ್ತಿಲ್ಲವೇ?

ಹುಲೆಪ್ಪ ಹಾಯುವ ಜಾಗದ ತಳ ನೋಡಿ ಬಂದಿದ್ದಾನೆ. ನಿಮ್ಮ ಅಪ್ಪ ನಿನಗೆ ಈಜು ಕಲಿಸಿದ ಹಾಸುಬಂಡೆಯ ಕೆಳಗೆ ಹೊಳೆ ಅಗಲವಾಗಿ ಹರಿಯುತ್ತದೆ. ತಳದಲ್ಲಿ ಗಟ್ಟಿ ಹರಳು, ನಡುವೆ ಸೊಂಟದ ನೀರು, ಒಂದೇ ಕಡೆ ಮಡು. ಮಡುವಿನ ಪಕ್ಕ ಕೋಲು ನೆಟ್ಟು ಬಂದಿದ್ದಾನೆ, ಕೋಲಿನ ಎಡಗಡೆಗೆ ಹಾಯಬೇಕು. ಆದರೆ ಹಸ್ತ ಮಳೆ ಮುಗಿದು ಚಿತ್ತಿ ಮಳೆ ಹೊಕ್ಕಿದೆ. ಮೇಲೆ ಸೊಲ್ಲಾಪುರದ ಕಡೆ ಮಿಂಚುತ್ತಿದೆ. ಒಂದು ಮೊಳ ನೀರು ಏರಿದರೂ ನಮ್ಮ ಒಲೆಯ ಕೊಳವೆ, ಸಕ್ಕುಬಾಯಿಯ ಮೇಣ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಇಷ್ಟಾದ ಮೇಲೆ ನಡೆಸುವವನು ಪ್ರಹ್ಲಾದ. ಸಪಾಟು ರಸ್ತೆಯಲ್ಲೇ ಎಮ್ಮೆಗೆ ಗುದ್ದಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಹಾಗೆ ರಸ್ತೆಯನ್ನು ಬೈದವನು. ಇಮಾಮಸಾಬ ಅವನಿಗೆ ಪಾಠ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಾನೆ. "ಮಾಲಕ್ರ, ಮೊದಲನೇ ಗೇರ್‌ನ್ಯಾಗ ಹೊಗ್ರಿ, ಅದರಾಗೇ ಹೊರಬೀಳ್ರಿ. ನಡುವ ಗೇರ್ ಬದಲಿ ಮಾಡಬ್ಯಾಡ್ರಿ, ಕಾಲ ಎತ್ತಬ್ಯಾಡ್ರಿ. ನಾ ಕಣಿಕಿ ಕೆಳಗಿಂದ ಒದರಿದ್ರೂ ನಿಂದರಬ್ಯಾಡ್ರಿ," ಎಂದು ಇವತ್ತು ಮತ್ತೆ ಹೇಳಿದ. ತನ್ನ ಹೆಂಡತಿ, ಇನ್ನೂ ಮುಖ ಕಾಣದ ಮಗು, ಎರಡೂ ಜೀವ ಇನ್ನೊಬ್ಬನ ಕಾಲಿನ ಕೆಳಗೆ ಇಡುವುದು ಸಣ್ಣ ಮಾತಲ್ಲ. ಪ್ರಹ್ಲಾದನೂ ಹೆದರಿದ್ದಾನೆ, ಆದರೆ ಬರುವುದಿಲ್ಲ ಎನ್ನಲಿಲ್ಲ. ಅವನನ್ನು ಇಷ್ಟು ವರ್ಷ ಬರೀ ಹತ್ತಿ ತೂಗುವವನೆಂದು ತಿಳಿದಿದ್ದೆ. ಆ ತಿಳಿವಳಿಕೆ ಈಗ ಬಿಟ್ಟಿದ್ದೇನೆ.

ನನಗೂ ಭಯವಾಗುತ್ತಿದೆ ಶ್ರೀಪಾದಾ. ಪೂಜೆಗೆ ಕೂತರೆ ಮಂತ್ರ ಮರೆಯುತ್ತದೆ, ಇಂಜಿನ್ನಿನ ಸದ್ದೇ ಕೇಳುತ್ತದೆ. ಆಕಾಶ ನೋಡುವುದು, ಹತ್ತಿಯ ಕೋಣೆಯ ಕದ ನೋಡುವುದು, ಮತ್ತೆ ಆಕಾಶ ನೋಡುವುದು, ಇಷ್ಟೇ ಕೆಲಸವಾಗಿದೆ. ನೀನು ನಿನ್ನ ದೇಹ ನೋಡಿಕೋ. ಹೊಳೆಯ ಗಾಳಿಗೆ ಎದೆ ತೆರೆದು ಮಲಗಬೇಡ. ಕ್ವಿನೈನ್ ಬಿಡಬೇಡ. ಶ್ರೀಗುರು ದತ್ತಾತ್ರೇಯ ನಿನ್ನ ಬೆನ್ನಿಗಿರಲಿ, ನಿನ್ನ ಬುದ್ಧಿಯ ಮುಂದೆಯೂ ಇರಲಿ. ಪ್ರಹ್ಲಾದ ಕಾಕಾನ ಆಶೀರ್ವಾದ. ಪ್ಯಾರಿಬಿಯ ಸಲಾಮು.

ನಿನ್ನ ಅವ್ವ
ಭಾಗೀರಥಿಬಾಯಿ

ತಾ. ಕ. — ಹುಲೆಪ್ಪ ಪತ್ರಕ್ಕಾಗಿ ಕಟ್ಟೆಯ ಮೇಲೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ವ್ಯಂಕಟೇಶ ಹೋಗುವಾಗ ಆಡಿದ ಮಾತು ಇದು: "ಇದು ನನ್ನ ಹುಕುಂ ಅಲ್ಲರೀ ಕಾಕೂ. ಇಮಾಮಸಾಬನ್ನ ಹಿಡೀರಿ, ಹೊಳಿ ದಾಟಾಕ ಬಿಡಬ್ಯಾಡ್ರಿ ಅಂತ ನಿಮ್ಮ ಶ್ರೀಪಾದನೇ ಹೇಳಿ ಕಳಸ್ಯಾನ." ಈ ಪತ್ರ ಬರೆಯಲೇಬೇಡಿ ವೈನಿ ಎಂದು ಪ್ರಹ್ಲಾದ ಕೈಮುಗಿದು ಕೇಳಿಕೊಂಡ. ಆದರೂ ದಿನ, ಹೊತ್ತು, ಹಾಯುವ ಜಾಗ ಎಲ್ಲವನ್ನೂ ನಿನಗೆ ಬರೆದಿದ್ದೇನೆ. ವ್ಯಂಕಟೇಶ ಸುಳ್ಳು ಹೇಳಿದ್ದರೆ ದಸರೆಯ ಸಂಜೆ ಆ ದಂಡೆಗೆ ಬಾ, ನಿನ್ನ ಜೊತೆಯವರನ್ನು ದೂರ ಕಳಿಸು, ಇಮಾಮಸಾಬನನ್ನು ಕೈಹಿಡಿದು ಇಳಿಸಿಕೋ. ಅವನು ಹೇಳಿದ್ದು ನಿಜವಿದ್ದರೂ ನೀನೇ ಬಾ. ಬೇರೆಯವರ ಕೈಗೆ ಬಂದೂಕು ಕೊಟ್ಟು ಕಳಿಸಬೇಡ. ಮುಂದಿನ ಸೀಟಿನಲ್ಲಿ ನಾನು ಕೂತಿರುತ್ತೇನೆ.